ಜವಾರಿ ಸಸಿ ಕೊಳ್ಳುವ ಮುಂಚೆ ಚೀಲ ಎತ್ತಿ ನೋಡಿ

ನರ್ಸರಿಯಲ್ಲಿ ಒಂದು ಜವಾರಿ ಸಸಿ, ಅಂದರೆ ನಮ್ಮ ನೆಲದ್ದೇ ಗಿಡ, ಇಷ್ಟವಾಯಿತು ಅಂದ್ಕೊಳ್ಳಿ. ದುಡ್ಡು ಕೊಡುವ ಮುಂಚೆ ಅದರ ಚೀಲವನ್ನು ನೀವೇ ಮೆಲ್ಲಗೆ ಎತ್ತಿ. ಸಲೀಸಾಗಿ ಬಂದರೆ ಸರಿ. ನೆಲ ಹಿಡಿದುಕೊಂಡಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. ತಿಂಗಳುಗಟ್ಟಲೆ ಒಂದೇ ಕಡೆ ಕೂತ ಸಸಿಯ ತಾಯಿಬೇರು ಚೀಲದ ತೂತಿನಿಂದ ಹೊರಬಂದು ನೆಲಕ್ಕೆ ಇಳಿದಿರುತ್ತದೆ. ಜಗ್ಗಿದರೆ ಪಟ್ ಅಂತ ಹರಿಯುತ್ತದೆ.

ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆಳೆತ್ತರದ ಹೊಂಗೆ ಅದು. ಬಾಗಲಕೋಟೆ ನವನಗರದ ನಮ್ಮ ಮನೆ ಮುಂದೆ ಹಚ್ಚಿದೆವು. ದಿನಾ ನೀರು ಹಾಕಿದರೂ ಎಂಟು ದಿನದಲ್ಲಿ ಎಲೆ ಜೋತುಬಿದ್ದು ಒಣಗಿತು. ಅದೇ ದಿನ ಮೊಣಕಾಲೆತ್ತರದ ಇನ್ನೊಂದು ಹೊಂಗೆ ಹಚ್ಚಿದ್ದೆವು. ಇವತ್ತು ಅದರ ನೆರಳಲ್ಲಿ ಕಾರು ನಿಲ್ಲುತ್ತದೆ.

ಅದಕ್ಕೇ ಸಣ್ಣ ಸಸಿಯನ್ನೇ ತನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮಳೆ ಕಡಿಮೆ. ದೊಡ್ಡ ಗಿಡದ ಎಲೆ ಕೇಳುವಷ್ಟು ನೀರನ್ನು ಚೀಲದಲ್ಲಿ ಬೆಳೆದ ಬೇರು ಕುಡಿಯಲಾರದು. ಹೂವಿನ ಪೊದೆಗೆ 6×9 ಇಂಚಿನ ಚೀಲ, ಮರಕ್ಕೆ 8×12 ಇಂಚಿನ ಚೀಲ ಸಾಕು. ಎತ್ತರ ಒಂದೆರಡು ಅಡಿ, ಕಾಂಡ ಪೆನ್ಸಿಲ್ ದಪ್ಪ. ಕೋಲು ಕಟ್ಟಿ ನಿಲ್ಲಿಸಿದ್ದರೆ ಕೋಲು ಬಿಚ್ಚಿಸಿ ನೋಡಿ. ತಾನಾಗಿ ನಿಲ್ಲಬೇಕು.

ನಾಲ್ಕೈದು ಸಸಿ ಕೊಳ್ಳುವಾಗ ನಾನು ಒಂದರ ಚೀಲ ಬಿಚ್ಚಿ ತೋರಿಸಲು ಕೇಳುತ್ತೇನೆ. ಬೇರಿನ ತುದಿ ಬೆಳ್ಳಗಿದ್ದು, ಮಣ್ಣಿನ ವಾಸನೆ ಬಂದರೆ ಒಳ್ಳೆಯದು. ಕಪ್ಪಾಗಿ ಹುಳಿ ವಾಸನೆ ಬಂದರೆ ಬೇರು ಕೊಳೆತಿದೆ. ಕೊಡದ ಕೆಳಗಿನ ಸಿಂಬಿಯ ಹಾಗೆ ಬೇರು ಸುತ್ತಿಕೊಂಡಿದ್ದರೆ ಮರದ ಸಸಿಯನ್ನು ಖಂಡಿತ ಬೇಡ ಅನ್ನಿ, ನೆಲಕ್ಕೆ ಹೋದ ಮೇಲೂ ಅದು ಸುತ್ತುತ್ತಲೇ ಇರುತ್ತದೆ. ಹೊರಗಿನಿಂದ ಲಾರಿಯಲ್ಲಿ ಬಂದ ಗಿಡಗಳ ಬುಡದಲ್ಲಿ ಕೆಲವು ಸಲ ಅಂಟು ಕೆಂಪು ಮಣ್ಣು ಉಂಡೆ ಕಟ್ಟಿರುತ್ತದೆ. ನಮ್ಮ ಕಪ್ಪು ಎರೆ ಮಣ್ಣಿಗೆ ಹಚ್ಚಿದರೆ ಬೇರು ಆ ಉಂಡೆ ಬಿಟ್ಟು ಆಚೆ ಬರುವುದೇ ಕಷ್ಟ. ಎಲೆಯಲ್ಲಿ ಹುಳ ತಿಂದ ಒಂದೆರಡು ತೂತು ಇದ್ದರೆ ಹೆದರಬೇಡಿ. ನನಗಂತೂ ಅಂಥ ಸಸಿ ಕಂಡರೆ ಖುಷಿ, ಔಷಧಿ ಜಾಸ್ತಿ ಹೊಡೆದಿಲ್ಲ ಅನ್ನಿಸುತ್ತದೆ.

ಇನ್ನು ಜವಾರಿ ಅನ್ನುವ ಮಾತು. "ಎಲ್ಲಾ ಜವಾರಿನ ಅದಾವ್ರಿ ಅಕ್ಕಾರ, ಹೂ ಬಿಟ್ಟದ್ದ ಒಯ್ರಿ" ಅಂತಾರೆ ನರ್ಸರಿಯವರು. ಅವರ ಲೆಕ್ಕದಲ್ಲಿ ಹೈಬ್ರಿಡ್ ಅಲ್ಲದ್ದೆಲ್ಲಾ ಜವಾರಿ. ಆದರೆ ಮನೆಮನೆಯಲ್ಲಿರುವ ನಿತ್ಯಪುಷ್ಪ ಮಡಗಾಸ್ಕರ್‌ನದು. ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ಗಂಟೆಯಂಥ ಹಳದಿ ಹೂವಿನ ಟೆಕೋಮಾ ಕೂಡ ಅಮೆರಿಕದಿಂದ ಬಂದದ್ದೇ. ಹಳದಿ ಹೂವೇ ಬೇಕಿದ್ದರೆ ತಂಗಡಿ ಕೇಳಿ, ಕೆಲವರು ಆವರಿಕೆ ಅಂತಾರೆ. ಗುಡ್ಡದ ಬದಿಯಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಗಿಡ. ಹಳದಿ ಚಿಟ್ಟೆಗಳು ಅದರ ಎಲೆ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತವೆ. ಅದರ ಬೇರು ಆಳಕ್ಕೆ ಇಳಿಯುವುದರಿಂದ ಎಷ್ಟು ಸಣ್ಣದು ಸಿಕ್ಕರೆ ಅಷ್ಟು ಒಳ್ಳೆಯದು.

ನಮ್ಮ ಅಂಗಳದಲ್ಲಿ ಚೆನ್ನಾಗಿ ನಿಂತ ಇನ್ನೂ ಕೆಲವು: ನೀಲಿ ಹೂವಿನ ಲಕ್ಕಿ, ಪಾರಿಜಾತ, ಬಿಲ್ವಪತ್ರೆ, ಮುಳ್ಳು ಗೋರಟೆ, ನೀರು ಹರಿದು ಹೋಗುವ ಬದಿಗೆ ಲಾವಂಚ. ಓಣಿಯಲ್ಲಿ ಆಡಿನ ಕಾಟ ಇದ್ದರೆ ಆಡುಸೋಗೆ ಹಚ್ಚಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ವಾ, ನಮ್ಮ ಓಣಿಯ ಆಡುಗಳು ಇದನ್ನು ಮೂಸಿ ನೋಡಿ ಮುಂದೆ ಹೋಗುತ್ತವೆ.

ಮರದ ಸಸಿಗೆ ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ, ಮಳೆಗಾಲದ ಹೊತ್ತಿಗೆ ಕಡಿಮೆ ದರಕ್ಕೆ ಕೊಡುತ್ತಾರೆ. ಇಲ್ಲಿನ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳವೂ ನೋಡುವಂಥದ್ದು.

ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ಒಂದು ಮೊಳ ಹಸಿಯಾದ ಮೇಲೆ ತನ್ನಿ. ಆಗ ಆಗದಿದ್ದರೆ ಸೆಪ್ಟೆಂಬರ್ ಇದೆ, ನಮ್ಮ ಕಡೆ ಆಗಲೇ ಮಳೆ ಜೋರು. ಮಾರ್ಚ್‌ನಲ್ಲಿ ಆಸೆಪಟ್ಟು ತರಬೇಡಿ. ಬೈಕ್‌ನಲ್ಲಿ ತರುವಾಗ ಸಸಿಗೆ ಒದ್ದೆ ಬಟ್ಟೆ ಸುತ್ತಿ, ಗಾಳಿಗೇ ಎಲೆ ಬಾಡುತ್ತದೆ. ಹಸಿರು ನೆಟ್‌ ಕೆಳಗೆ ಬೆಳೆದ ಸಸಿಯನ್ನು ಎಂಟು-ಹತ್ತು ದಿನ ಬೆಳಗಿನ ಬಿಸಿಲಿಗಷ್ಟೇ ಇಟ್ಟು, ಆಮೇಲೆ ಸಂಜೆ ಹೊತ್ತಲ್ಲಿ ಹಚ್ಚಿ. ಚೀಲ ಪೂರ್ತಿ ತೆಗೆಯಿರಿ. ಎರೆ ಮಣ್ಣಾಗಿದ್ದರೆ ಗುಂಡಿಗೆ ಸ್ವಲ್ಪ ಗರಸು (ಸಣ್ಣ ಕಲ್ಲಿನ ಮಣ್ಣು) ಬೆರೆಸಿ, ನೀರು ನಿಲ್ಲುವುದಿಲ್ಲ.

ಬೇವಿಗೆ ಮಾತ್ರ ದುಡ್ಡು ಕೊಡಬೇಡಿ. ಮಳೆಗಾಲದಲ್ಲಿ ಯಾವುದಾದರೂ ಬೇವಿನ ಮರದ ಕೆಳಗೆ ನೋಡಿ, ಉದುರಿದ ಹಣ್ಣಿನಿಂದ ಹತ್ತಾರು ಸಸಿ ಎದ್ದಿರುತ್ತವೆ. ನಾಲ್ಕೆಲೆ ಇರುವಾಗಲೇ ಕಳೆ ತೆಗೆಯುವ ಕುರುಪಿಯಿಂದ ಮಣ್ಣು ಸಮೇತ ಎತ್ತಿಕೊಳ್ಳಿ.