ಹೋಯ್ ಆನ್: ಹಳೆಯ ಬಂದರನ್ನು ನದಿ ಕಡೆಯಿಂದ ನೋಡಿ

ವಿಯೆಟ್ನಾಂನ ಹೋಯ್ ಆನ್‌ಗೆ ಬಹಳ ಜನ ಸಂಜೆ ಬಂದಿಳಿಯುತ್ತಾರೆ. ಬಣ್ಣದ ಲಾಟೀನುಗಳ ಕೆಳಗೆ ಫೋಟೊ ತೆಗೆಸಿಕೊಂಡು, ದೋಣಿ ಹತ್ತಿ ಇಳಿದು ಹೊರಟುಬಿಡುತ್ತಾರೆ. ಊರು ಚೆಂದವೇ, ಆದರೆ ಅದೊಂದು ಬಂದರು ಅನ್ನೋದೇ ಗೊತ್ತಾಗುವುದಿಲ್ಲ. 15ರಿಂದ 19ನೇ ಶತಮಾನದವರೆಗೆ ಚೀನಾ, ಜಪಾನ್, ಯುರೋಪಿನ ವ್ಯಾಪಾರಿಗಳು ಇಲ್ಲಿ ಸರಕು ಇಳಿಸಿದರು. ಆಮೇಲೆ ಥು ಬಾನ್ ನದಿಯಲ್ಲಿ ಹೂಳು ತುಂಬಿತು. ಹಡಗುಗಳು ಹತ್ತಿರದ ಡಾ ನಾಂಗ್ ಬಂದರಿನ ಕಡೆ ತಿರುಗಿದವು. ವ್ಯಾಪಾರ ಬಿದ್ದುಹೋಗಿದ್ದರಿಂದಲೇ ಹಳೆ ಮನೆಗಳು ಉಳಿದವು. 1999ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು.

ಫೆಬ್ರುವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರ್ ಬೇಡ. ಆಗ ನದಿ ಬೀದಿಗೆ ನುಗ್ಗುವುದು ಮಾಮೂಲು. ಊರಿಗೆ ವಿಮಾನವೂ ಇಲ್ಲ, ರೈಲೂ ಇಲ್ಲ. ಡಾ ನಾಂಗ್‌ನಲ್ಲಿಳಿದು ಸುಮಾರು 30 ಕಿ.ಮೀ. ರಸ್ತೆಯಲ್ಲಿ ಬರಬೇಕು. ಆದಷ್ಟೂ ರಾತ್ರಿ ಊರಲ್ಲೇ ಉಳಿಯಿರಿ. ಜನಜಂಗುಳಿ ಸೇರುವ ಮುಂಚಿನ ಬೆಳಗು ಸಿಗುವುದು ಉಳಿದವರಿಗೆ ಮಾತ್ರ.

ಹಳೆ ಊರಿಗೆ ಒಂದೇ ಟಿಕೆಟ್. ಅದರ ಜೊತೆ ಕೆಲವೇ ಕೂಪನ್ ಇರುತ್ತವೆ, ಒಂದೊಂದು ಕಟ್ಟಡಕ್ಕೆ ಒಂದೊಂದು. ಎಲ್ಲವನ್ನೂ ನೋಡಲಾಗದು. ಒಂದು ವ್ಯಾಪಾರಿ ಮನೆ, ಒಂದು ಚೀನೀ ಸಭಾಭವನ (ಚೀನೀ ವ್ಯಾಪಾರಿಗಳು ಸೇರುತ್ತಿದ್ದ, ಪೂಜೆ ಮಾಡುತ್ತಿದ್ದ ಜಾಗ), ಜಪಾನಿ ಸೇತುವೆ ಈ ಮೂರನ್ನು ಬಿಡಬೇಡಿ. ಟಿಕೆಟ್ ದುಡ್ಡು ಹಳೆ ಕಟ್ಟಡಗಳ ದುರಸ್ತಿಗೆ ಬಳಕೆಯಾಗುತ್ತದೆ, ಹಾಗಾಗಿ ತಪ್ಪಿಸಿಕೊಂಡು ಒಳಗೆ ನುಸುಳುವುದು ಸರಿಯಲ್ಲ.

ಈಗ ನಡಿಗೆ. ಬಾಕ್ ಡಾಂಗ್ ಬೀದಿಯಿಂದ ಶುರುಮಾಡಿ, ಅದು ನದಿ ದಂಡೆಯ ಮೇಲೇ ಇದೆ. ಅದರ ಹಿಂದೆ ನ್ಗುಯೆನ್ ಥಾಯ್ ಹಾಕ್ ಬೀದಿ, ಇನ್ನೂ ಹಿಂದೆ ಟ್ರಾನ್ ಫು ಬೀದಿ. ಒಂದು ಕಾಲಕ್ಕೆ ಟ್ರಾನ್ ಫು ಬೀದಿಯೇ ನದಿ ದಂಡೆ! ಹೂಳು ಕೂಡಿ ನದಿ ಹಿಂದೆ ಸರಿದ ಹಾಗೆಲ್ಲ ಮುಂದೆ ಹೊಸ ಬೀದಿ ಎದ್ದಿತು. ಅಂದರೆ ನದಿಯಿಂದ ಒಳಕ್ಕೆ ನಡೆದಷ್ಟೂ ನೀವು ಹಳೆಯ ಕಾಲಕ್ಕೆ ಹೋಗುತ್ತೀರಿ. ನನ್ನ ಪ್ರಕಾರ ಈ ಊರನ್ನು ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನಡುವಿನ ಬೀದಿಯಲ್ಲಿ ಟಾನ್ ಕಿ ಅನ್ನೋ ಹಳೆ ವ್ಯಾಪಾರಿ ಮನೆಗೆ ಹೋಗಿ. ಬಾಗಿಲ ಮೇಲೆ ತಲೆಯೆತ್ತಿ ನೋಡಿ: ಕೆತ್ತಿದ ಮರದ ಎರಡು ದುಂಡು ಬಿಲ್ಲೆಗಳು. ಅವು ಮನೆಯ ಕಣ್ಣುಗಳು, ಕೆಟ್ಟದ್ದು ಒಳಗೆ ಬಾರದಂತೆ ಕಾಯುತ್ತವೆ ಅನ್ನೋ ನಂಬಿಕೆ. ಇಲ್ಲಿನ ದೋಣಿಗಳ ಮೂತಿಗೂ ಕಣ್ಣು ಬರೆದಿರುತ್ತಾರೆ, ಗಮನಿಸಿ. ಒಳಗೆ ಹೋದರೆ ಮುಂದೆ ಅಂಗಡಿ, ಮಧ್ಯೆ ತೆರೆದ ಅಂಗಳ, ಹಿಂಬಾಗಿಲು ನದಿ ಕಡೆಗೆ. ಸರಕು ಹಿಂದಿನಿಂದ ಬರುತ್ತಿತ್ತು, ಗಿರಾಕಿ ಮುಂದಿನಿಂದ. ಗೋಡೆಯ ಮೇಲೆ ಪ್ರವಾಹದ ಗುರುತುಗಳಿವೆ. 1964ರ ಗುರುತು ಎಷ್ಟು ಮೇಲಿದೆ ನೋಡಿದರೆ ಗಾಬರಿಯಾಗುತ್ತದೆ. ಇಂಥ ಮನೆಗಳಲ್ಲಿ ಅಟ್ಟಕ್ಕೆ ಚೌಕದ ಕಿಂಡಿ ಇರುತ್ತದೆ. ನೀರು ಏರಿದಾಗ ಸರಕನ್ನು ಅದರ ಮೂಲಕ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಒಂದು ಮಾತು: ಈ ಮನೆಯಲ್ಲಿ ಜನ ಇನ್ನೂ ವಾಸವಾಗಿದ್ದಾರೆ. ಒಳಕೋಣೆಗೆ ಇಣುಕಬೇಡಿ, ಕೇಳದೆ ಫೋಟೊ ತೆಗೆಯಬೇಡಿ.

ಟ್ರಾನ್ ಫು ಬೀದಿಗೆ ಬಂದರೆ ಚೀನಾದ ಫುಜಿಯಾನ್ ಪ್ರಾಂತ್ಯದವರ ಸಭಾಭವನ. ಇಲ್ಲಿನ ದೇವತೆ ಥಿಯೆನ್ ಹಾವ್, ನಾವಿಕರನ್ನು ಕಾಯುವವಳು. ಅಕ್ಕಪಕ್ಕದಲ್ಲಿ ಇಬ್ಬರು ಸಹಾಯಕರು: ಒಬ್ಬ ಸಾವಿರ ಹರಿದಾರಿ ಆಚೆಯದನ್ನು ನೋಡಬಲ್ಲ, ಇನ್ನೊಬ್ಬ ಅಷ್ಟೇ ದೂರದ್ದನ್ನು ಕೇಳಬಲ್ಲ. ಪುಟ್ಟ ಮಾದರಿ ಹಡಗೂ ಇದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಬೀದಿಯ ಪಶ್ಚಿಮ ತುದಿಯಲ್ಲಿ ಜಪಾನಿ ಸೇತುವೆ. ಸುಮಾರು 400 ವರ್ಷ ಹಳೆಯದು. ಮೇಲೆ ಹೆಂಚಿನ ಸೂರು, ಒಂದು ತುದಿಗೆ ನಾಯಿಗಳ ಮೂರ್ತಿ, ಇನ್ನೊಂದಕ್ಕೆ ಕೋತಿಗಳದ್ದು. ಜೇಬಿನಲ್ಲಿ 20,000 ಡಾಂಗ್ ನೋಟಿದ್ದರೆ ತೆಗೆದು ನೋಡಿ, ಅದರ ಮೇಲೂ ಇದೇ ಸೇತುವೆ. ದೊಡ್ಡ ದುರಸ್ತಿ ಮುಗಿದು 2024ರಲ್ಲಿ ಮತ್ತೆ ತೆರೆಯಿತು.

ಲಾಟೀನು ನೋಡಲೇಬೇಕು ಅನ್ನುವವರು ಚಾಂದ್ರಮಾನ ತಿಂಗಳ 14ನೇ ರಾತ್ರಿಗೆ ಹೊಂದಿಸಿಕೊಳ್ಳಿ. ಅವತ್ತು ಹಳೆ ಊರಲ್ಲಿ ಕರೆಂಟ್ ದೀಪ ಆರಿಸುತ್ತಾರೆ. ಜನವೂ ಜಾಸ್ತಿ, ಹಾಗಾಗಿ ರೂಮು ಮುಂಚೆಯೇ ಕಾದಿರಿಸಿ. ಇನ್ನೊಂದು ದಿನ ಇದ್ದರೆ ಮಿ ಸನ್‌ಗೆ ಹೋಗಿಬನ್ನಿ. ಹಿಂದೆ ಈ ಸೀಮೆಯನ್ನು ಆಳಿದ ಚಂಪಾ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವ ದೇಗುಲಗಳು ಅಲ್ಲಿವೆ. ಬಿಸಿಲೇರುವ ಮುಂಚೆ ತಲುಪುವ ಹಾಗೆ ಹೊರಡಿ.