ಕಾಸರಗೋಡಿಗೆ ಹಳೆ ಕಾರು ತಂದಿದ್ದೀರಾ? ಎಂಜಿನ್ ಲೈಟ್ ಹತ್ತಿದರೆ ಹೀಗೆ ಮಾಡಿ

ಘಟ್ಟದ ಮೇಲಿಂದ ಇಲ್ಲಿಗೆ ವರ್ಗವಾಗಿ ಬರುವವರು ಸಾಮಾನಿನ ಜೊತೆ ಹಳೆ ಕಾರನ್ನೂ ತರುತ್ತಾರೆ. ನಾನೂ ತಂದಿದ್ದೆ, ಬಿಎಸ್ 4 (ಭಾರತ್ ಸ್ಟೇಜ್ 4 ಹೊಗೆ ನಿಯಮದ) ಪೆಟ್ರೋಲ್ ಕಾರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೀಟರಿನಲ್ಲಿ ಹಳದಿ ಲೈಟ್ ಹತ್ತಿತು. ಮೈಲೇಜ್ ಇಳಿಯಿತು, ಸೈಲೆನ್ಸರ್ ಬಾಯಿಗೆ ಮಸಿ ಹಿಡಿಯಿತು. ಹೊಗೆ ಟೆಸ್ಟೂ ಫೇಲ್!

ಹೊಗೆ ಟೆಸ್ಟ್ ಎಲ್ಲಿ ಅಂತ ಕೇಳುವಾಗ ‘ಪುಕ ಪರಿಶೋಧನ’ ಅನ್ನಿ. ಮಲಯಾಳದಲ್ಲಿ ಪುಕ ಅಂದರೆ ಹೊಗೆ. ಮಂಜೇಶ್ವರ, ಉಪ್ಪಳದ ಕಡೆ ಕನ್ನಡದಲ್ಲೇ ಕೇಳಿದರೂ ನಡೆಯುತ್ತದೆ.

ಬಿಎಸ್ 4 ಪೆಟ್ರೋಲ್ ಕಾರು ಐಡಲ್‌ನಲ್ಲಿರುವಾಗ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ) ಕಾರ್ಬನ್ ಮೊನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಫೇಲ್ ಆದರೂ ರೀಡಿಂಗ್ ಬರೆಸಿಕೊಳ್ಳಿ. ಮೆಕ್ಯಾನಿಕ್‌ಗೆ ಅದು ಬೇಕಾಗುತ್ತದೆ.

ನಾನು ಹೋದ ಮೊದಲ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಚುಚ್ಚಿದರು. ಪಿ 0420 ಅಂತ ದೋಷದ ಕೋಡ್ ಬಂತು. ‘ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಬದಲಿಸಬೇಕು’ ಅಂದರು. ಹೊಗೆಯ ಪೈಪಿನಲ್ಲಿದ್ದು ವಿಷಾನಿಲ ಕಮ್ಮಿ ಮಾಡುವ ಡಬ್ಬಿ ಅದು. ರೇಟು ಕೇಳಿ ಸುಮ್ನೆ ಮನೆಗೆ ಬಂದೆ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತಷ್ಟೇ ಆ ಕೋಡ್ ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ.

ಕನ್ವರ್ಟರಿನ ಹಿಂದೆ ಮುಂದೆ ಒಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನದ್ದು, ಅಂದರೆ ಎಂಜಿನ್ ಕಡೆಯದ್ದು, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡಿ, ಪೆಟ್ರೋಲ್ ಜಾಸ್ತಿ ಬೇಕೋ ಕಮ್ಮಿ ಬೇಕೋ ಅಂತ ಎಂಜಿನ್ ಕಂಪ್ಯೂಟರಿಗೆ ತಿಳಿಸುತ್ತದೆ. ಅದರ ಹತ್ತಿರ ಪೈಪು ತೂತಾಗಿ ಹೊರಗಿನ ಗಾಳಿ ನುಗ್ಗಿದರೆ ಸೆನ್ಸರ್ ಮೋಸ ಹೋಗುತ್ತದೆ. ಪೆಟ್ರೋಲ್ ಸಾಲದು ಅಂತ ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ನನ್ನ ಕಾರಿನಲ್ಲಿ ಆದದ್ದೂ ಅದೇ. ಕಡಲ ಉಪ್ಪುಗಾಳಿಗೆ ಪೈಪಿನ ಜಾಯಿಂಟ್ ತುಕ್ಕು ಹಿಡಿದು, ಸೋರದಂತೆ ನಡುವೆ ಹಾಕುವ ಗ್ಯಾಸ್ಕೆಟ್ ಸೀಳಿತ್ತು. ಇನ್ನೊಬ್ಬ ಮೆಕ್ಯಾನಿಕ್ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಬಗ್ಗಿ ಕಿವಿಗೊಟ್ಟು, ‘ಟಿಕ್ ಟಿಕ್’ ಸದ್ದು ಹಿಡಿದುಬಿಟ್ಟರು. ಗ್ಯಾಸ್ಕೆಟ್ ಬದಲಿಸಿದ ಮೇಲೆ ರೀಡಿಂಗ್ ಇಳಿಯಿತು.

ಎಂಜಿನ್ ಮಿಸ್ ಹೊಡೆಯುತ್ತಿದ್ದರೆ (ನಡುನಡುವೆ ಉರಿ ತಪ್ಪಿ ಅದುರುತ್ತಿದ್ದರೆ) ಮಾತ್ರ ತಡ ಮಾಡಬೇಡಿ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ, ಅಲ್ಲಿ ಉರಿದು, ಒಳಗಿನ ಜೇನುಗೂಡಿನಂಥ ಭಾಗವನ್ನೇ ಕರಗಿಸಿಬಿಡುತ್ತದೆ. ಮೊದಲು ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡಿಸಿ. ಅದನ್ನು ಸರಿ ಮಾಡದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಹೋಗುತ್ತದೆ.

‘ಒಳಗಿನದ್ದು ತೆಗೆದು ಖಾಲಿ ಮಾಡಿ ಕೊಡ್ತೇವೆ’ ಅನ್ನುವವರೂ ಸಿಗುತ್ತಾರೆ. ಒಪ್ಪಬೇಡಿ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂನಂಥ ದುಬಾರಿ ಲೋಹ ಇರುತ್ತದೆ. ಲಾಭ ಯಾರಿಗೆ ಅಂತ ಗೊತ್ತಾಯ್ತಲ್ವಾ?

ರಿಪೇರಿ ಆದ ಮೇಲೆ ಕಾರನ್ನು ತಣ್ಣಗೆ ಇರುವಾಗಲೇ ಟೆಸ್ಟಿಗೆ ಒಯ್ಯಬೇಡಿ. ಕನ್ವರ್ಟರ್ ಚೆನ್ನಾಗಿ ಕಾದ ಮೇಲಷ್ಟೇ ಕೆಲಸ ಮಾಡುತ್ತದೆ. ಕುಂಬಳೆ ತನಕ ಹೋಗಿ ಬನ್ನಿ, ಬಂದವರೇ ಎಂಜಿನ್ ಆರಿಸದೆ ಟೆಸ್ಟ್ ಮಾಡಿಸಿ. ಆ ಸರ್ಟಿಫಿಕೇಟ್ ಜೋಪಾನ. 12 ತಿಂಗಳು ದಾಟಿ ಇಲ್ಲೇ ಇರುವುದಾದರೆ ಕೆಎ ನಂಬರ್ ಬಿಟ್ಟು ಕೆಎಲ್ ನಂಬರ್ ಮಾಡಿಸಬೇಕು, ಆಗಲೂ ಅದನ್ನು ಕೇಳುತ್ತಾರೆ.