ಹುಳಿ ಕೊನೆಗೆ: ಸ್ಲೋ ಕುಕ್ಕರಿನಲ್ಲಿ ನಮ್ಮ ಮನೆಯ ರಾತ್ರಿ ಊಟ

ನಾನು ರಾಯಚೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್, ಹೆಂಡತಿ ಸ್ಟಾಫ್ ನರ್ಸ್. ಅವಳಿಗೆ ವಾರಕ್ಕೊಂದು ಪಾಳಿ. ನನ್ನದು ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಆರೂವರೆಗೆ ಬರುವ ಕೆಲಸ. ಮನೆಯಲ್ಲಿ ಇಬ್ಬರು ಮಕ್ಕಳು, ಅವ್ವ. ಅವ್ವನಿಗೆ ಮೊಣಕಾಲು ನೋವು ಜಾಸ್ತಿಯಾಗಿ ಒಲೆ ಮುಂದೆ ನಿಲ್ಲುವುದು ಕಷ್ಟವಾದಾಗ ರಾತ್ರಿ ಅಡುಗೆ ನನ್ನ ಪಾಲಿಗೆ ಬಂತು. ಮೊದಲ ಆರು ತಿಂಗಳು ಏಳು ಗಂಟೆಗೆ ಬೇಳೆ ತೊಳೆಯಲು ಶುರುಮಾಡಿ, ಒಂಬತ್ತೂವರೆಗೆ ತಟ್ಟೆ ಹಾಕುತ್ತಿದ್ದೆ. ಅಷ್ಟರಲ್ಲಿ ಸಣ್ಣವನು ಬಿಸ್ಕೀಟು ತಿಂದು ಮಲಗಿರುತ್ತಿದ್ದ. ಅವನನ್ನು ಎಬ್ಬಿಸಿ ಉಣಿಸುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

ಆಗ ಬೆಂಗಳೂರಿನಲ್ಲಿರುವ ಭಾವ ತಾನು ಬಳಸದೆ ಇಟ್ಟಿದ್ದ ಸ್ಲೋ ಕುಕ್ಕರ್ ಕಳಿಸಿಕೊಟ್ಟ. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಹೊರಗವಚದಲ್ಲಿ ಸುತ್ತಲೂ ಹೀಟರ್ ತಂತಿ. ಸೀಟಿ ಇಲ್ಲ, ಆವಿ ನುಗ್ಗುವುದಿಲ್ಲ. ಅವ್ವ ಎರಡು ದಿನ ಅದನ್ನು ದೂರದಿಂದಲೇ ನೋಡಿದಳು.

"ಇದ್ಯಾವ ಒಲಿಯಪ ಇದು? ಉರಿ ಕಾಣಲ್ಲ, ಸಪ್ಪಳ ಕೇಳಲ್ಲ. ಹೆಂಗ ಬೇಯ್ತದ?"

ಹೇಗೆ ಬೇಯುತ್ತದೆ ಎಂದು ಹೇಳಲು ನನಗೆ ನಮ್ಮೂರ ಮನೆಯೇ ನೆನಪಾಯಿತು. ದೊಡ್ಡ ಒಲೆಯ ಪಕ್ಕದ ಕೋಡೊಲೆಯಲ್ಲಿ ಕುಳ್ಳಿನ ಕೆಂಡದ ಮೇಲೆ ಹಾಲಿನ ಗಡಿಗೆ ಇಡೀ ದಿನ ಕೂತಿರುತ್ತಿತ್ತು. ಸಂಜೆಗೆ ಹಾಲು ಕೆಂಪಗಾಗಿ, ಮೇಲೆ ಬೆರಳು ದಪ್ಪದ ಕೆನೆ. ಕುದಿಯುವುದಿಲ್ಲ, ಉಕ್ಕುವುದಿಲ್ಲ, ತಳ ಹಿಡಿಯುವುದಿಲ್ಲ. "ಅದನ್ನೇ ಕರೆಂಟಿನಾಗ ಮಾಡ್ಯಾರಬೇ" ಎಂದೆ. ಅವ್ವ ತಲೆ ಆಡಿಸಿದಳು, ಆದರೂ ಮುಟ್ಟಲಿಲ್ಲ.

ಲ್ಯಾಬಿನಲ್ಲಿ ಕೆಲಸ ಮಾಡುವವನಿಗೆ ಅಳೆಯದೆ ಸಮಾಧಾನವಿರುವುದಿಲ್ಲ. ಅಡುಗೆಗೆಂದೇ ಸಿಗುವ, ಚುಚ್ಚಿ ನೋಡುವ ಥರ್ಮಾಮೀಟರ್ ತರಿಸಿದೆ. ಒಂದು ಭಾನುವಾರ ಎರಡೂವರೆ ಲೀಟರ್ ನೀರು ಹಾಕಿ ಆಗಾಗ ನೋಡಿ ಬರೆದಿಟ್ಟೆ. ಇದಕ್ಕೆ ಲೋ, ಹೈ ಎಂದು ಎರಡು ಮಟ್ಟ. ಲೋದಲ್ಲಿ ಇಟ್ಟು ಎರಡು ಗಂಟೆಯಾದಾಗ 58 ಡಿಗ್ರಿ, ನಾಲ್ಕು ಗಂಟೆಯಾದಾಗ 80, ಏಳು ಗಂಟೆಯಾದಾಗ 93. ಇನ್ನೊಂದು ದಿನ ಹೈಗೆ ಇಟ್ಟರೆ ಅದೇ 93ಕ್ಕೆ ಮೂರೂವರೆ ಗಂಟೆ ಸಾಕಾಯಿತು. ಲೋ ಎಂದರೆ ಕಡಿಮೆ ಬಿಸಿ, ಹೈ ಎಂದರೆ ಹೆಚ್ಚು ಬಿಸಿ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಎರಡೂ ಹೋಗಿ ಮುಟ್ಟುವ ಊರು ಹೆಚ್ಚುಕಡಿಮೆ ಒಂದೇ, ಒಂದು ಎತ್ತಿನ ಬಂಡಿ, ಇನ್ನೊಂದು ಬಸ್ಸು. ಪ್ರೆಶರ್ ಕುಕ್ಕರಿನ ಒಳಗಾದರೆ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಇಲ್ಲಿ ಕುದಿಯ ಅಂಚಿಗೆ ಬಂದು ನಿಲ್ಲುತ್ತದೆ ಅಷ್ಟೆ. ಈ ಲೆಕ್ಕ ಗೊತ್ತಾದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು.

ಆಹಾರ 5ರಿಂದ 60 ಡಿಗ್ರಿ ನಡುವೆ ಬಹಳ ಹೊತ್ತು ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಾವು ಗಂಡ ಹೆಂಡತಿ ಇಬ್ಬರೂ ದಿನಾ ಅದನ್ನೇ ನೋಡುವವರು. ಹಾಗಾಗಿ ತಣ್ಣೀರು ಹಾಕಿ ಲೋಗೆ ಇಟ್ಟು ಹೋಗುವುದನ್ನು ಬಿಟ್ಟೆ. ಬಿಸಿನೀರು ಹಾಕಿ, ಮನೆಯಿಂದ ಹೊರಡುವವರೆಗೆ ಒಂದು ಗಂಟೆ ಹೈನಲ್ಲಿಟ್ಟು, ಆಮೇಲೆ ಲೋಗೆ ತಿರುಗಿಸುತ್ತೇನೆ. ಫ್ರಿಜ್ಜಿನಲ್ಲಿ ಗಟ್ಟಿಯಾದ ಮಾಂಸವನ್ನು ಹಾಗೇ ಹಾಕುವುದೇ ಇಲ್ಲ.

ಭಾವ ಕೊಟ್ಟದ್ದು ಡಿಜಿಟಲ್. ಅದರಿಂದ ಒಂದು ದಿನ ದೊಡ್ಡ ಪಾಠವಾಯಿತು. ಮೇ ತಿಂಗಳು, ಹೊರಗೆ 43 ಡಿಗ್ರಿ. ಅವ್ವ ಊರಿಗೆ ಹೋಗಿದ್ದಳು. ಕಡಲೆಕಾಳು, ಆಲೂಗಡ್ಡೆ ಹಾಕಿಟ್ಟು ಹೋಗಿದ್ದೆ. ಸಂಜೆ ಬಂದು ನೋಡಿದರೆ ಗಡಿಯಾರದ ಅಂಕಿ ಮಿಣಮಿಣ ಅನ್ನುತ್ತಿದೆ, ಪಾತ್ರೆ ಉಗುರುಬೆಚ್ಚಗಿದೆ. ಮಧ್ಯಾಹ್ನ ಯಾವಾಗಲೋ ಕರೆಂಟ್ ಹೋಗಿ ಬಂದಿದೆ. ಕರೆಂಟ್ ಬಂದರೂ ಯಂತ್ರ ತಾನಾಗಿ ಮತ್ತೆ ಶುರುವಾಗಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ಇತ್ತೋ ಹೇಳುವವರಿಲ್ಲ. ವಾಸನೆ ಚೆನ್ನಾಗಿಯೇ ಇತ್ತು, ಆದರೆ ವಾಸನೆ ನೋಡಿ ತೀರ್ಮಾನ ಮಾಡುವ ವಿಷಯ ಇದಲ್ಲ. ಅಷ್ಟನ್ನೂ ಚೆಲ್ಲಿದೆ. ಆ ರಾತ್ರಿ ಮಂಡಕ್ಕಿ ಒಗ್ಗರಣೆ ತಿಂದೆವು.

ಮರುವಾರ ಮೂರೂವರೆ ಲೀಟರಿನ, ನಾಬ್ ತಿರುಗಿಸುವ ಮಾದರಿ ಕೊಂಡೆ. ಕರೆಂಟ್ ಹೋಗಿ ಬಂದರೆ ಅದು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಮ್ಮ ಕಡೆ ಕೊಳ್ಳುವವರಿಗೆ ನಾನು ಹೇಳುವ ಮೊದಲ ಮಾತು ಇದೇ: ನಾಬ್ ಇರುವುದನ್ನೇ ತಗೊಳ್ರಿ. ಹೈನಲ್ಲಿ ಅದು ಎಳೆಯುವುದು 200 ವ್ಯಾಟ್. ಎಂಟು ಗಂಟೆ ಹೈನಲ್ಲೇ ಓಡಿದರೂ 1.6 ಯೂನಿಟ್, ಲೋದಲ್ಲಿ ಇನ್ನೂ ಕಡಿಮೆ. ಮನೆಯ ಇನ್ವರ್ಟರ್ ಕೂಡ ಒಂದೆರಡು ಗಂಟೆ ತಡೆಯುತ್ತದೆ.

ವೋಲ್ಟೇಜಿನ ಕಥೆ ಬೇರೆ. ಬೇಸಿಗೆಯ ಮಧ್ಯಾಹ್ನ ಬೀದಿಯ ಎಲ್ಲರ ಕೂಲರ್ ಓಡುವಾಗ ನಮ್ಮಲ್ಲಿ 190ಕ್ಕೆ ಇಳಿಯುತ್ತದೆ. 230ಕ್ಕೆ ಮಾಡಿದ ಹೀಟರ್ 190ರಲ್ಲಿ ಕೊಡುವ ಶಾಖ ಮೂರರಲ್ಲಿ ಎರಡು ಪಾಲು ಮಾತ್ರ, ಏಕೆಂದರೆ ಶಾಖ ಇಳಿಯುವುದು ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ. ಅಕ್ಟೋಬರಿನಲ್ಲಿ ಏಳು ಗಂಟೆಯಲ್ಲಿ ಬೆಂದ ಕಾಳು ಏಪ್ರಿಲ್‌ನಲ್ಲಿ ಯಾಕೆ ಬೇಯಲಿಲ್ಲ ಎಂದು ತಲೆ ಕೆಡಿಸಿಕೊಂಡಾಗ ಸಿಕ್ಕ ಉತ್ತರ ಇದು. ಈಗ ಬೇಸಿಗೆಯಲ್ಲಿ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳುತ್ತೇನೆ. ಆದರೆ ಬೇಸಿಗೆಯಲ್ಲೇ ಇದರ ಉಪಕಾರವೂ ಹೆಚ್ಚು. ಹಿತ್ತಲ ಕಟ್ಟೆಯ ಮೇಲೆ, ನೆರಳಲ್ಲಿ ಇಟ್ಟರೆ ಅಡುಗೆಮನೆಗೆ ಅದರ ಕಾವೇ ತಟ್ಟುವುದಿಲ್ಲ. ರಾಯಚೂರಿನ ಮೇ ತಿಂಗಳ ಸಂಜೆ ಗ್ಯಾಸ್ ಮುಂದೆ ನಿಂತವರಿಗೆ ಇದರ ಬೆಲೆ ಗೊತ್ತು.

ಇನ್ನು ಅಡುಗೆಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಇದು ಗೆದ್ದದ್ದು ಪುಂಡಿ (ಗೋಂಗುರ ಎಂಬ ಹುಳಿ ಸೊಪ್ಪು) ಪಲ್ಯದಿಂದ, ಅದೂ ಮೊದಲ ಸಲ ಕೆಟ್ಟ ಮೇಲೆ.

ಮೊದಲ ಸಲ ತೊಗರಿಬೇಳೆ, ಜೋಳದ ನುಚ್ಚು, ಹೆಚ್ಚಿದ ಪುಂಡಿ ಸೊಪ್ಪು, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಎಲ್ಲ ಒಟ್ಟಿಗೇ ಹಾಕಿ ಒಂಬತ್ತು ತಾಸು ಇಟ್ಟೆ. ಸೊಪ್ಪು ಕರಗಿ ಹೋಗಿತ್ತು, ಬೇಳೆ ಮಾತ್ರ ಕಾಳು ಕಾಳಾಗಿ ಹಲ್ಲಿಗೆ ಸಿಗುತ್ತಿತ್ತು. ಅವ್ವ ಒಂದು ಬೇಳೆ ಬೆರಳಲ್ಲಿ ಹಿಚುಕಿ ನೋಡಿದಳು.

"ಪುಂಡಿ ಬಿದ್ದ ಮ್ಯಾಲ ಬ್ಯಾಳಿ ಎಲ್ಲಿ ಬೇಯ್ತದಪ? ಹುಳಿ ಹಿಡದ್ರ ಕಲ್ಲಾಗ್ತದ. ನಿಮ್ಮಜ್ಜಿ ಒಲಿಮ್ಯಾಗೂ ಮೊದ್ಲ ಬ್ಯಾಳಿ ಬೇಯಿಸಿ, ಕಡೀಕ ಹುಳಿ ಹಾಕ್ತಿದ್ಲು."

ಸ್ಲೋ ಕುಕ್ಕರಿನ ಬಗ್ಗೆ ನಾನು ಕಲಿತ ಎಲ್ಲಕ್ಕಿಂತ ದೊಡ್ಡ ಮಾತು ಇದು. ಬೇಳೆಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಕರಗಿದರೆ ಬೇಳೆ ಒಡೆಯುತ್ತದೆ. ಹುಳಿ ಇದ್ದರೆ ಅದು ಕರಗುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಅದನ್ನು ಬಿಗಿ ಮಾಡುತ್ತದೆ. ಪ್ರೆಶರ್ ಕುಕ್ಕರಿನ ಜೋರು ಬಿಸಿಯಲ್ಲಿ ಈ ತಪ್ಪು ಎಷ್ಟೋ ಮುಚ್ಚಿಹೋಗುತ್ತದೆ, ನಿಧಾನದ ಬಿಸಿಯಲ್ಲಿ ಮುಚ್ಚಿಹೋಗುವುದಿಲ್ಲ. ನಮ್ಮ ಮನೆಯ ಬೋರಿನ ನೀರು ಬಕೇಟಿನ ಅಂಚಿಗೆ ಬಿಳಿ ಪದರ ಕಟ್ಟುವಂಥದ್ದು, ಅದರಲ್ಲಿ ಬೇಳೆ ಇಟ್ಟರೆ ಹುಳಿ ಇಲ್ಲದೆಯೂ ಸತಾಯಿಸುತ್ತದೆ. ಕಾಳು ಬೇಳೆಗೆ ಈಗ ಕುಡಿಯುವ ಫಿಲ್ಟರ್ ನೀರನ್ನೇ ಹಾಕುತ್ತೇನೆ.

ಈಗ ಪುಂಡಿ ಪಲ್ಯ ಮಾಡುವ ರೀತಿ ಹೀಗೆ. ರಾತ್ರಿಯೇ ಒಂದು ಬಟ್ಟಲು ತೊಗರಿಬೇಳೆ, ಅರ್ಧ ಬಟ್ಟಲು ಜೋಳದ ನುಚ್ಚು ಬೇರೆ ಬೇರೆ ನೆನೆಸುತ್ತೇನೆ. ಬೆಳಿಗ್ಗೆ ಎರಡನ್ನೂ ತೊಳೆದು, ಐದು ಬಟ್ಟಲು ಬಿಸಿನೀರು, ಚಿಟಿಕೆ ಅರಿಷಿಣ, ಒಂದು ಚಮಚ ಎಣ್ಣೆ ಹಾಕಿ ಪಾತ್ರೆಗೆ ಬಿಡುತ್ತೇನೆ. ಮುಚ್ಚಳ ಹಾಕಿದರೆ ಸಂಜೆಯವರೆಗೆ ತೆಗೆಯುವುದಿಲ್ಲ, ಒಂದು ಸಲ ತೆಗೆದರೆ ಹೋದ ಬಿಸಿ ತಿರುಗಿ ಬರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಸಂಜೆ ಬರುವಷ್ಟರಲ್ಲಿ ಬೇಳೆ, ನುಚ್ಚು ಒಂದಾಗಿ ಗಂಜಿಯಂತೆ ಮೆತ್ತಗಾಗಿರುತ್ತದೆ, ಸೌಟು ಆಡಿಸಿದರೆ ಸಾಕು, ಕಡೆಗೋಲು ಬೇಡ. ಎರಡು ಕಟ್ಟು ಪುಂಡಿ ಸೊಪ್ಪನ್ನು ಗ್ಯಾಸಿನ ಮೇಲೆ ಹತ್ತು ನಿಮಿಷ ಕುದಿಸಿ, ಹಸಿರು ಬಣ್ಣ ಕಂದು ಬಣ್ಣಕ್ಕೆ ತಿರುಗಿದ ಮೇಲೆ ನೀರು ಬಸಿದು, ಹಸಿಮೆಣಸಿನಕಾಯಿ ಉಪ್ಪಿನ ಜೊತೆ ಮಸೆಯುತ್ತೇನೆ. ಅದನ್ನು ಬೇಳೆಗೆ ಕೂಡಿಸಿ ಹೈನಲ್ಲಿ ಇಪ್ಪತ್ತು ನಿಮಿಷ. ಆಮೇಲೆ ಒಗ್ಗರಣೆ: ಶೇಂಗಾ ಎಣ್ಣೆ ಕೈಬಿಚ್ಚಿ ಹಾಕಬೇಕು, ಹತ್ತು ಹನ್ನೆರಡು ಎಸಳು ಬಳ್ಳೊಳ್ಳಿ ಜಜ್ಜಿ ಕೆಂಪಗೆ ಆಗುವವರೆಗೆ ಬಿಡಬೇಕು, ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ. ಬಳ್ಳೊಳ್ಳಿಯನ್ನು ಬೆಳಿಗ್ಗೆಯೇ ಕುಕ್ಕರಿಗೆ ಹಾಕಿದರೆ ಅದು ಬೇಯುತ್ತದೆಯೇ ಹೊರತು ಹುರಿದ ಘಮ ಬರುವುದಿಲ್ಲ. ಈ ಯಂತ್ರ ಯಾವುದನ್ನೂ ಕೆಂಪಗೆ ಮಾಡಲಾರದು. ಕೆಂಪಾಗಬೇಕಾದದ್ದನ್ನು ಬಾಣಲಿಯಲ್ಲೇ ಮಾಡಬೇಕು.

ಮಟನ್ನಿಗೂ ಇದೇ ನೇಮ. ಮಟನ್ ಅಂಗಡಿಯಲ್ಲಿ ನಾನು ತೊಡೆ ಕೇಳುವುದನ್ನು ಬಿಟ್ಟಿದ್ದೇನೆ. ಮುಂಗಾಲು, ಕುತ್ತಿಗೆ, ನಳ್ಳಿ ಎಲುಬು, ಇವೇ ಇದಕ್ಕೆ ಹೇಳಿ ಮಾಡಿಸಿದವು. ನರ, ಅಂಟು ಜಾಸ್ತಿ ಇರುವ ತುಂಡು ಎಂಟು ತಾಸಿನ ಸಣ್ಣ ಬಿಸಿಗೆ ಕರಗಿ ಸಾರಿಗೆ ಇಳಿಯುತ್ತದೆ. ಆರಿದ ಸಾರನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿರುತ್ತದೆ. ಬೆಳಿಗ್ಗೆ ಏಳೂವರೆಗೆ ಎರಡು ಉಳ್ಳಾಗಡ್ಡಿ ಕಂದು ಬಣ್ಣಕ್ಕೆ ಹುರಿದು, ಮುಕ್ಕಾಲು ಕೆಜಿ ಮಟನ್ ಹಾಕಿ ಅದರ ನೀರು ಆರುವವರೆಗೆ ತಿರುವಿ, ಅರಿಷಿಣ, ಉಪ್ಪು, ಶುಂಠಿ ಬಳ್ಳೊಳ್ಳಿ, ಮಸಾಲಿ ಖಾರ ಸೇರಿಸಿ ಕುಕ್ಕರಿಗೆ ಬಗ್ಗಿಸುತ್ತೇನೆ. ನೀರು ಮೂರೇ ಬಟ್ಟಲು. ಒಲೆಯ ಮೇಲಾದರೆ ಆರು ಬೇಕಾಗುತ್ತಿತ್ತು, ಇಲ್ಲಿ ಆವಿ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಇಳಿಯುವುದರಿಂದ ನೀರು ಇಂಗುವುದಿಲ್ಲ. ಲವಂಗ, ಚಕ್ಕೆ ಅರ್ಧಕ್ಕೆ ಇಳಿಸಬೇಕು, ಇಡೀ ದಿನ ಕೂತರೆ ಬಾಯಿ ಒಗರಾಗುವಷ್ಟು ಬಿಡುತ್ತವೆ. ಸುಟ್ಟ ಒಣಕೊಬ್ಬರಿ, ಗಸಗಸೆ ಅರೆದದ್ದು ಮಾತ್ರ ಸಂಜೆ, ಕೊನೆಯ ಅರ್ಧ ಗಂಟೆಗೆ. ರೊಟ್ಟಿಯನ್ನು ಅವ್ವ ಕೂತುಕೊಂಡೇ ನಾಲ್ಕು ಬಡಿದುಕೊಡುತ್ತಾಳೆ. ಅವಳಿಗೆ ಆಗದ ದಿನ ಖಡಕ್ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿನ್ನುತ್ತೇವೆ. ಮಕ್ಕಳಿಗೆ ಅದೇ ಹೆಚ್ಚು ಇಷ್ಟ.

ರಾಜ್ಮಾ ಬಗ್ಗೆ ಮಾತ್ರ ಒಂದು ಮಾತು ಬಿಡಿಸಿ ಹೇಳಬೇಕು. ಮಗಳು ಗೆಳತಿಯ ಮನೆಯಲ್ಲಿ ತಿಂದು ಬಂದು ಕೇಳಿದಳು. ನೆನೆಸಿದ ಕಾಳನ್ನು ನೇರವಾಗಿ ಕುಕ್ಕರಿಗೆ ಸುರಿಯುವುದರಲ್ಲಿದ್ದೆ, ಹೆಂಡತಿ ತಡೆದಳು. "ರೀ, ಅದನ್ನ ಹಂಗ ಹಾಕಬ್ಯಾಡ್ರಿ, ಮೊದ್ಲ ಕುದಸ್ರಿ." ಕೆಂಪು ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷವಿದೆ. ಸರಿಯಾಗಿ ಕುದಿಯದ ನಾಲ್ಕೈದು ಕಾಳು ಸಾಕು, ಕೆಲವೇ ಗಂಟೆಯಲ್ಲಿ ವಾಂತಿ ಭೇದಿ ಹಿಡಿಯುತ್ತದೆ. 80 ಡಿಗ್ರಿಯ ಮಂದ ಬಿಸಿಯಲ್ಲಿ ಅದು ಸಾಯುವುದಿಲ್ಲ, ಹಸಿ ಕಾಳಿಗಿಂತ ಹೆಚ್ಚು ಅಪಾಯವಾಗುತ್ತದೆ. ಸ್ಲೋ ಕುಕ್ಕರ್ ಬಹಳ ಹೊತ್ತು ಇರುವುದು ಅದೇ 80ರ ಸುತ್ತ. ಆದ್ದರಿಂದ ರಾಜ್ಮಾ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸಿನ ಮೇಲೆ ಕಮ್ಮಿಯೆಂದರೆ ಹತ್ತು ನಿಮಿಷ ಕೊತಕೊತ ಕುದಿಸಬೇಕು. ನಾನು ಅರ್ಧ ಗಂಟೆ ಕುದಿಸುತ್ತೇನೆ. ಇದನ್ನು ತಪ್ಪಿಸಬೇಡಿ.

ಆಗದ ಅಡುಗೆಗಳೂ ಇವೆ. ಸೋನಾ ಮಸೂರಿ ಅನ್ನ ಅಂಟಾಗುತ್ತದೆ, ಅದನ್ನು ಪ್ರೆಶರ್ ಕುಕ್ಕರಿಗೇ ಬಿಟ್ಟಿದ್ದೇನೆ. ಎಣ್ಣೆಗಾಯಿ ಎರಡು ಸಲ ಮಾಡಿದೆ. ಬದನೆಕಾಯಿ ಮುದ್ದೆಯಾಗಿ, ಗುರೆಳ್ಳು ಶೇಂಗಾದ ಮಸಾಲೆ ನೀರು ನೀರಾಯಿತು. ಮೊಸರು ಹಾಕಿದರೆ ಒಡೆಯುತ್ತದೆ. ಇನ್ನೊಂದು: ಬಿಸಿ ಪಿಂಗಾಣಿ ಪಾತ್ರೆಯನ್ನು ನಳದ ಕೆಳಗೆ ಹಿಡಿಯಬಾರದು. ನನ್ನ ಮೊದಲ ಪಾತ್ರೆ ಹಾಗೇ ಸೀಳಿತು.

ಹುಗ್ಗಿಯನ್ನು ಮಾತ್ರ ರಾತ್ರಿ ಇಡುತ್ತೇನೆ. ಕುಟ್ಟಿದ ಗೋಧಿ ಸಂಜೆ ನೆನೆಸಿ, ಹತ್ತು ಗಂಟೆಗೆ ನಾಲ್ಕು ಪಟ್ಟು ಬಿಸಿನೀರಿನ ಜೊತೆ ಇಟ್ಟು, ಬೆಳಿಗ್ಗೆ ಗೋಧಿ ಅರಳಿದ ಮೇಲೆಯೇ ಬೆಲ್ಲ. ಬೆಲ್ಲ ಮೊದಲೇ ಬಿದ್ದರೆ ಗೋಧಿ ಮತ್ತೆ ಮೆತ್ತಗಾಗುವುದಿಲ್ಲ. ಒಣಶುಂಠಿ, ಏಲಕ್ಕಿ, ತುಪ್ಪದಲ್ಲಿ ಹುರಿದ ಕೊಬ್ಬರಿ ಕೊನೆಗೆ.

ಆ ಹುಗ್ಗಿ ತಿಂದ ಅಮಾವಾಸ್ಯೆಯ ಮರುದಿನದಿಂದ ಅವ್ವ ಕುಕ್ಕರನ್ನು ತಾನೇ ನೋಡಿಕೊಳ್ಳತೊಡಗಿದಳು. ನಾಬಿನ ಮೇಲಿನ ಇಂಗ್ಲಿಷ್ ಅವಳಿಗೆ ಓದಲು ಬರುವುದಿಲ್ಲ. ಮೊಮ್ಮಗಳಿಂದ ಉಗುರಿನ ಬಣ್ಣ ಹಾಕಿಸಿಕೊಂಡಿದ್ದಾಳೆ, ಲೋಗೆ ಒಂದು ಕೆಂಪು ಚುಕ್ಕೆ, ಹೈಗೆ ಎರಡು. ಹೋದ ವಾರ ಮಧ್ಯಾಹ್ನ ಲ್ಯಾಬಿಗೆ ಫೋನ್ ಮಾಡಿದಳು. ಕರೆಂಟ್ ಹೋಗಿತ್ತಂತೆ. ಸ್ವಿಚ್ ಆರಿಸಿ, ಕುಕ್ಕರಿಗೆ ಹಳೆಯ ಕೌದಿ ಸುತ್ತಿ ಇಟ್ಟಿದ್ದಳಂತೆ.

"ಹನ್ನೊಂದೂವರಿಗೆ ಹೋಗಿತ್ತು, ಹನ್ನೆರಡಕ್ಕ ಬಂತಪ. ಕೌದಿ ತಗದು ಒಂದು ಚುಕ್ಕಿಗೇ ಹಚ್ಚೀನಿ. ಮುಚ್ಚಳ ತಗದಿಲ್ಲ."